ಎರಡಂತಸ್ತಿನ ರೆಕ್ಕೆ

“ಹಗ್ಗ ಬಿಗೀಬ್ಯಾಡ ಬಂಡು. ಇನ್ನೊಂದೀಟು ತಡಿ.”

ಬಂಡು ಚಟ್ಟದ ಎರಡು ಬಿದಿರುಗಳಿಗೆ ಅಡ್ಡಗಳನ್ನಿಟ್ಟು ಆಗಲೇ ಮೂರು ಗಂಟು ಹಾಕಿದ್ದ. ನಾಲ್ಕನೆಯ ಗಂಟಿಗೆಂದು ಹಗ್ಗದ ತುದಿಯನ್ನು ಹಲ್ಲಲ್ಲಿ ಕಚ್ಚಿಕೊಂಡಿದ್ದರಿಂದ ಕೂಡಲೇ ಉತ್ತರ ಕೊಡಲಾಗಲಿಲ್ಲ. ತಲೆಯೆತ್ತಿ ಅತ್ತಿಗೆಯ ಮುಖ ನೋಡಿದ. ರಾಜಮತಿ ಹೊಸ್ತಿಲ ಒಳಗೇ ನಿಂತಿದ್ದಳು. ಅವಳ ಬೆನ್ನ ಹಿಂದೆ, ಪಡಸಾಲೆಯ ಚಾಪೆಯ ಮೇಲೆ, ಅವಳ ಗಂಡ ಧರಣೇಂದ್ರಪ್ಪ ಬಿಳಿ ಧೋತರ ಹೊದ್ದು ಮಲಗಿದ್ದ. ಜಮಖಂಡಿ ಪೇಟೆಯಲ್ಲಿ ಮೂವತ್ತು ವರ್ಷ ಗಡಿಯಾರ ರಿಪೇರಿ ಮಾಡಿದ ಮನುಷ್ಯ. ಜೀವ ಹೋದದ್ದು ಬೆಳಗಿನ ಆರಕ್ಕೆ. ಈಗ ಒಂಬತ್ತರ ಬಿಸಿಲು ಅಂಗಳಕ್ಕೆ ಇಳಿದಿತ್ತು.

ಬಂಡು ಹಗ್ಗವನ್ನು ಬಾಯಿಂದ ತೆಗೆದ. ಯಾಕೆ ಎಂದು ಕೇಳಲಿಲ್ಲ. ಯಾಕೆಂಬುದು ಅಲ್ಲಿ ಕೂತಿದ್ದವರಿಗೆಲ್ಲ ಗೊತ್ತಿತ್ತು. ಆರು ವರ್ಷದ ಹಿಂದೆ ವಿಮಾನದ ಫೌಜಿಗೆ ಸೇರಲೆಂದು ಮನೆ ಬಿಟ್ಟ ಒಬ್ಬನೇ ಮಗ ನೇಮಿನಾಥನಿಗೆ ಮೂರು ದಿನದ ಹಿಂದೆ, ಅಪ್ಪನ ಕಾಯಿಲೆ ಬಿಗಡಾಯಿಸಿದಾಗಲೇ, ತಂತಿ ಹೋಗಿತ್ತು. ಅವನು ಪುಣೆಯಿಂದ ಹೊರಟಿದ್ದರೆ ರೈಲಿನಲ್ಲಿ ಕುಡಚಿಗೆ ಬಂದಿಳಿದು, ಸರ್ವಿಸ್ ಮೋಟಾರು ಹತ್ತಿ ಇವತ್ತು ಊರು ಸೇರಬೇಕು. ಮೋಟಾರು ದಿನಕ್ಕೆ ಎರಡೇ. ಒಂದು ಹನ್ನೊಂದಕ್ಕೆ, ಇನ್ನೊಂದು ನಾಲ್ಕಕ್ಕೆ.

“ವೈನಿ, ನಿಮಗ ನಾ ಹೇಳಬೇಕಂತಿಲ್ಲ,” ಎಂದ ಬಂಡು. ದನಿ ತಗ್ಗಿಸಿದ್ದ. “ಜೀವ ಹೋದ ಶರೀರ ಇಟಗೊಂಡು ಕೂಡೂ ಪದ್ಧತಿ ನಮ್ಮಾಗಿಲ್ಲ. ಹೊತ್ತು ಹೋದಂಗ ಅದರಾಗ ಕಣ್ಣಿಗೆ ಕಾಣದ ಜೀವ ಹುಟ್ಟತಾವು. ಬೆಂಕಿ ಇಡೂ ಮುಂದ ಅವೂ ಸುಡತಾವು. ಅಣ್ಣಗ ಆ ಪಾಪ ಹಚ್ಚೂಣೇನು?”

ಬೇರೆ ಯಾರ ಹೆಣಕ್ಕಾದರೂ ಈ ಮಾತಿಗೆ ರಾಜಮತಿ ಎದುರು ಹೇಳುತ್ತಿದ್ದಳೇನೋ. ಆದರೆ ಮಲಗಿದ್ದವನು ಧರಣೇಂದ್ರಪ್ಪ. ನೆಲ ನೋಡದೆ ಹೆಜ್ಜೆ ಕಿತ್ತಿಟ್ಟವನಲ್ಲ. ದೀಪಕ್ಕೆ ಹುಳು ಬೀಳುತ್ತವೆಂದು ಹೊತ್ತು ಮುಳುಗುವ ಮೊದಲೇ ಉಂಡು ಮುಗಿಸಿ, ಕತ್ತಲಾದರೆ ದೀಪವನ್ನೇ ಹಚ್ಚಗೊಡದವನು. ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು, ಹನ್ನೊಂದರ ಮೋಟಾರು ಒಂದನ್ನು ನೋಡೋಣ, ಆಮೇಲೆ ನಾನು ಬಾಯಿ ತೆರೆಯುವುದಿಲ್ಲ ಎಂದಳು. ಓಣಿಯ ಹಿರಿಯರು ಮುಖಮುಖ ನೋಡಿಕೊಂಡರು. ಕೊನೆಗೆ ಒಬ್ಬರು ತಲೆಯಾಡಿಸಿದರು.

ಕಟ್ಟೆಯ ತುದಿಗೆ ಕೂತಿದ್ದ ಜಕ್ಕಪ್ಪ ಆಗಲೇ ಎದ್ದಿದ್ದ. ಅವನು ಕಂಬಳಿ ನೇಯುವವನು, ಕುರಿ ಸಾಕುವವನು, ಬೀರೇಶ್ವರನ ಭಕ್ತ. ಪೇಟೆಯಲ್ಲಿ ಅವನ ಕಂಬಳಿ ಅಂಗಡಿ ಮತ್ತು ಧರಣೇಂದ್ರಪ್ಪನ ಗಡಿಯಾರದ ಅಂಗಡಿ ಒಂದೇ ಗೋಡೆಗೆ ಅಂಟಿಕೊಂಡಿದ್ದವು. ತಂತಿ ಹೊಡೆಸಿದವನೂ ಅವನೇ. ಕಂಬಳಿಯನ್ನು ಹೆಗಲ ಮೇಲೆ ಎಳೆದುಕೊಂಡು, ಯಾರಿಗೂ ಹೇಳದೆ, ಮೋಟಾರು ನಿಲ್ಲುವ ಕಡೆ ನಡೆದ.

*

ಧರಣೇಂದ್ರಪ್ಪನ ಅಂಗಡಿಯೆಂದರೆ ಒಬ್ಬ ಆಳು ಕಾಲು ಮಡಚಿ ಕೂರುವಷ್ಟು ಜಾಗ. ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಬಾಯಿಗೆ ಬಟ್ಟೆ ಕಟ್ಟಿಕೊಂಡು ಅವನು ಬೆಳಗಿನಿಂದ ಸಂಜೆಯವರೆಗೆ ಬಗ್ಗಿ ಕೂತಿರುತ್ತಿದ್ದ. ಕೈ ಬಲು ಚೊಕ್ಕ. ಗಿರಾಕಿಗಳಿಗೆ ಇದ್ದ ತಕರಾರು ಒಂದೇ. ಗಡಿಯಾರಕ್ಕೆ ಬಿಡುವ ಎಣ್ಣೆಯನ್ನು ಸಮುದ್ರದ ಯಾವುದೋ ದೊಡ್ಡ ಮೀನಿನಿಂದ ತೆಗೆಯುತ್ತಾರೆಂದು ಮುಂಬಯಿಯ ವ್ಯಾಪಾರಿಯೊಬ್ಬ ಬಾಯಿತಪ್ಪಿ ಹೇಳಿದ್ದೇ ತಡ, ಇದ್ದ ಶೀಶೆಯನ್ನೆಲ್ಲ ಹಿಂದಕ್ಕೆ ಕಳಿಸಿ ಕುಸುಬೆ ಎಣ್ಣೆಯನ್ನು ಏಳು ಸಲ ಸೋಸಿ ಅದನ್ನೇ ಬಿಡತೊಡಗಿದ. ಕುಸುಬೆ ಎಣ್ಣೆ ನಾಲ್ಕು ದಿನ ಓಡಿ ಆಮೇಲೆ ಅಂಟಾಗುತ್ತದೆ. ಹೀಗಾಗಿ ಚಳಿಗಾಲದಲ್ಲಿ ಜಮಖಂಡಿಯ ಅರ್ಧ ಗಡಿಯಾರಗಳು ಹಿಂದೆ ಬೀಳುತ್ತಿದ್ದವು. ಊರು ಅದನ್ನು ನಕ್ಕು ಸಹಿಸಿಕೊಂಡಿತ್ತು. ಕೆಲಸಕ್ಕೆ ತಡವಾಗಿ ಬಂದ ಕಾರಕೂನರು, ನನ್ನದು ಧರಣೇಂದ್ರಪ್ಪನ ಗಡಿಯಾರ ಎಂದರೆ ಸಾಕು, ಮೇಲಿನವರೂ ಸುಮ್ಮನಾಗುತ್ತಿದ್ದರು.

ಇಂಥವನ ಹೊಟ್ಟೆಯಲ್ಲಿ ಹುಟ್ಟಿದ ನೇಮಿನಾಥ ಯುದ್ಧದ ಕಾಲಕ್ಕೆ ಬೆಳಗಾವಿಗೆ ಹೋಗಿ ಹೆಸರು ಬರೆಸಿ ಬಂದ. ಬಂದೂಕು ಹಿಡಿಯುವುದಕ್ಕಲ್ಲ, ವಿಮಾನ ರಿಪೇರಿಗೆ ಎಂದು ತಂದೆಗೆ ತಿಳಿಸಿ ಹೇಳಿದ. ಧರಣೇಂದ್ರಪ್ಪ ಜೀವಮಾನದಲ್ಲಿ ದನಿ ಎತ್ತಿದವನಲ್ಲ, ಅವತ್ತೂ ಎತ್ತಲಿಲ್ಲ.

“ಮಂದಿ ಮ್ಯಾಲೆ ಬೆಂಕಿ ಸುರಿಯೂ ಯಂತ್ರಕ್ಕ ಎಣ್ಣಿ ಬಿಡೂ ಕೈಲೆ ನನ್ನ ಮನಿ ನೀರ ಮುಟ್ಟಬ್ಯಾಡ,” ಎಂದ, ಅಷ್ಟೇ.

ಮಗ ನೀರು ಮುಟ್ಟದೆ ಹೋದ. ರಾಜಮತಿ ತಂಬಿಗೆ ಹಿಡಿದುಕೊಂಡು ಓಣಿಯ ಕೊನೆಯ ತನಕ ಅವನ ಹಿಂದೆ ಹೋಗಿದ್ದಳು.

ಮರುವರ್ಷ ಟಪಾಲಿನಲ್ಲಿ ಒಂದು ಚಪ್ಪಟೆ ಪೆಟ್ಟಿಗೆ ಬಂತು. ಅದರೊಳಗೆ ತೆಳ್ಳನೆಯ ಕಟ್ಟಿಗೆಯ ಕಡ್ಡಿಗಳು, ಹಲಗೆಗಳು, ಒಂದು ಮರದ ಪಂಖಾ, ರಬ್ಬರಿನ ಉದ್ದ ಪಟ್ಟಿ, ಎರಡು ಪುಟ್ಟ ಗಾಲಿ, ಒಂದು ಕೊಳವೆ ಅಂಟು, ಒಂದು ತುಂಡು ರೇಷ್ಮೆ, ಮತ್ತೆ ಮೇಜಿನಷ್ಟಗಲದ ನಕ್ಷೆ. ಧರಣೇಂದ್ರಪ್ಪ ಮುಟ್ಟದೆ ಬಿಟ್ಟ ಮಗನ ಕಾಗದವನ್ನು ಟಪಾಲಿನವನೇ ಓದಿದ. ಊರಿಗೆ ಹೊರಟ ಗೋರಾ ಸಾಹೇಬನೊಬ್ಬ ಇದನ್ನು ತನಗೆ ಕೊಟ್ಟು ಹೋದನೆಂದೂ, ಇದು ಹಳೆಯ ಕಾಲದ ಎರಡು ರೆಕ್ಕೆಯ ವಿಮಾನದ ಮಾದರಿಯೆಂದೂ, ಕಲಿಯುವವರು ಹಾರಿಸುವ ಇಂಥ ವಿಮಾನಗಳನ್ನೇ ತಾನು ರಿಪೇರಿ ಮಾಡುವುದೆಂದೂ, ಇವು ಯಾರ ಮೇಲೂ ಏನನ್ನೂ ಸುರಿಯುವುದಿಲ್ಲವೆಂದೂ ಬರೆದಿದ್ದ. ನೀವು ಕೈಯಾರೆ ಕಟ್ಟಿ, ರಬ್ಬರು ತಿರುವಿ ಹಾರಿಸಿದರೆ ನನ್ನ ಕೆಲಸ ಎಂಥದೆಂದು ತಿಳಿಯುತ್ತದೆ ಅಪ್ಪಾ ಎಂಬುದು ಕೊನೆಯ ಸಾಲು.

ಧರಣೇಂದ್ರಪ್ಪ ಪೆಟ್ಟಿಗೆಯನ್ನು ಅಟ್ಟಕ್ಕೆ ಹಾಕಿದ. ಒಂದು ವರ್ಷ ಅತ್ತ ಮುಖ ಹಾಕಲಿಲ್ಲ. ಆಮೇಲೊಂದು ದಿನ ಇಲಿ ಕಡಿದೀತೆಂಬ ನೆಪ ಮಾಡಿಕೊಂಡು ಕೆಳಗಿಳಿಸಿದ. ಅದರೊಳಗಿನ ಕಟ್ಟಿಗೆಗೆ ಬಾಲ್ಸಾ ಎಂದು ಹೆಸರಂತೆ, ಬೆಂಡಿನಷ್ಟು ಹಗುರ. ಒಂದು ಕಡ್ಡಿಯನ್ನು ಅಂಗೈ ಮೇಲಿಟ್ಟುಕೊಂಡು ಕಣ್ಣು ಮುಚ್ಚಿ, ಕೈಯಲ್ಲಿ ಇದ್ದದ್ದೇ ಗೊತ್ತಾಗೂದಿಲ್ಲ ನೋಡು ಎಂದು ಹೆಂಡತಿಗೆ ಹೇಳಿದ. ಮಗ ಹೋದ ಮೇಲೆ ಅವನ ಮುಖದಲ್ಲಿ ನಗೆಯಂಥದ್ದೇನಾದರೂ ಅವಳು ಕಂಡಿದ್ದು ಅವತ್ತೇ.

ಇಂಗ್ಲಿಷ್ ಬಲ್ಲ ಕಾರಕೂನನೊಬ್ಬನನ್ನು ಹಿಡಿದು ನಕ್ಷೆಯ ಅಳತೆಗಳನ್ನು ಬರೆಸಿಕೊಂಡ. ಕೊಳವೆಯ ಅಂಟನ್ನು ಮೂಸಿ, ಯಾವ ಪ್ರಾಣಿಯ ಎಲುಬು ಕುದಿಸಿದ್ದೋ ಎಂದು ಅದನ್ನು ಬಿಸಾಕಿದ. ಹುಳು ಬೇಯಿಸದೆ ರೇಷ್ಮೆ ಬರುವುದಿಲ್ಲ, ಅದೂ ಹೋಯಿತು. ಅಂಟಿಗೆ ಬದಲು ಜಕ್ಕಪ್ಪ ಕಂಬಳಿಗೆ ಬಳಿಯುವ ಹುಣಸೆಬೀಜದ ಗಂಜಿ ಬಂತು. ರೇಷ್ಮೆಗೆ ಬದಲು ಬನಹಟ್ಟಿಯ ತೆಳು ಅರಿವೆ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಅವನು ರೆಕ್ಕೆಯ ಒಂದೊಂದು ಪಕ್ಕೆಲುಬನ್ನೂ ಕೊರೆಯುವಾಗ ರಾಜಮತಿ ಎದುರು ಕೂತು ಅಕ್ಕಿ ಆರಿಸುತ್ತಿದ್ದಳು. ಒಂದರ ಮೇಲೊಂದು ಎರಡಂತಸ್ತಿನ ರೆಕ್ಕೆ, ನಡುವೆ ದಾರದ ಬಿಗಿತ. ಮುಗಿಯುವಷ್ಟರಲ್ಲಿ ಮತ್ತೊಂದು ಮಳೆಗಾಲ ಕಳೆದಿತ್ತು.

ಮೊದಲ ಸಲ ಹಾರಿಸಲು ಹೋಗುವ ದಿನ ಬಸದಿಗೆ ಹೋಗಿ ಪಾರ್ಶ್ವನಾಥನ ಎದುರು ನೇಮ ಹಿಡಿದು ಬಂದ. ಅಂಗಳದಲ್ಲಿ ಜಕ್ಕಪ್ಪನೂ ಇದ್ದ. ಇಬ್ಬರಿಗೂ ಕೇಳುವಂತೆ ಹೇಳಿದ.

“ಇದು ಹಾರಿದ ದಿನ ನಾನ ಕೈಯಾರೆ ಅವಗ ಕಾಗದ ಬರೀತೇನಿ, ಮನಿಗೆ ಬಾ ಅಂತ. ಅಲ್ಲೀತನಕ ಬೆಲ್ಲ ಬಿಟ್ಟೇನಿ.”

ಮಹಾಲಿಂಗಪುರದ ಬೆಲ್ಲ ಕೂಗಳತೆಯಲ್ಲಿ ಸಿಗುವ ಸೀಮೆಯಲ್ಲಿ, ರೊಟ್ಟಿಗೂ ಬೆಲ್ಲ, ಮಜ್ಜಿಗೆಗೂ ಬೆಲ್ಲ ಎಂದು ಬಾಯಿ ಚಪ್ಪರಿಸುವವನು ಹಾಗೆಂದಾಗ ರಾಜಮತಿಗೆ ಒಳಗೊಳಗೇ ಖುಷಿಯಾಗಿತ್ತು. ಬೆಲ್ಲದ ಆಸೆಗಾದರೂ ಬೇಗ ಹಾರಿಸುತ್ತಾನೆ, ದೀಪಾವಳಿಗೆ ಮಗ ಮನೆಯಲ್ಲಿರುತ್ತಾನೆ ಎಂದುಕೊಂಡಿದ್ದಳು.

*

ಹನ್ನೊಂದು ದಾಟಿತು. ಅಂಗಳದಲ್ಲಿ ಗಂಡಸರು ತಮ್ಮತಮ್ಮಲ್ಲೇ ಮಾತಾಡುತ್ತಿದ್ದರು. ಮುಂದಿನ ತಿಂಗಳಿಗೆ ಸಂಸ್ಥಾನ ಮುಗಿಯುತ್ತದಂತೆ, ಎಲ್ಲ ಮುಂಬಯಿ ಸರಕಾರಕ್ಕೆ ಸೇರುತ್ತದಂತೆ ಎಂದು ಒಬ್ಬ ಹೇಳಿದರೆ, ಇನ್ನೊಬ್ಬನಿಗೆ ತನ್ನ ಗೋಡೆ ಗಡಿಯಾರದ್ದೇ ಚಿಂತೆ. ಅದು ಅಂಗಡಿಯಲ್ಲಿ ಬಿಚ್ಚಿ ಬಿದ್ದಿತ್ತು. ಇಂಥ ಹೊತ್ತಿನಲ್ಲಿ ಕೇಳುವುದು ಹೇಗೆ, ಕೇಳದಿರುವುದು ಹೇಗೆ.

ಒಳಗೆ ಬಾಳವ್ವ ಹೆಣದ ತಲೆಯ ಹತ್ತಿರ ಕೂತು ಣಮೋಕಾರ ಹೇಳುತ್ತಿದ್ದಳು. ಬಾಳವ್ವ ಧರಣೇಂದ್ರಪ್ಪನ ಸೋದರತ್ತೆ. ಎಂಬತ್ತರ ಮುದುಕಿ, ಕಣ್ಣು ಅಷ್ಟಕ್ಕಷ್ಟೆ. ಮಂತ್ರದ ನಡುವೆ ನಡುವೆ ಅವಳು ಕೈಯಲ್ಲಿದ್ದ ಅರಿವೆಯಿಂದ ಹೆಣದ ಮುಖಕ್ಕೆ ಗಾಳಿ ಹಾಕುತ್ತ, ನನ್ನ ಕೂಸು ಒಣಗಿ ಕಡ್ಡಿಯಾಗಿತ್ತಲ್ಲ ಎಂದು ತನಗೆ ತಾನೇ ಅನ್ನುತ್ತಿದ್ದಳು.

ಜಕ್ಕಪ್ಪ ಒಬ್ಬನೇ ಬಂದ. ಅವನು ಯಾರನ್ನೂ ನೋಡದೆ ನೇರ ಬಾಗಿಲಿಗೆ ಬಂದು ರಾಜಮತಿಯ ಎದುರು ನಿಂತ.

“ಬರಲಿಲ್ಲ ಅಕ್ಕಾರ. ಎಲ್ಲಾರೂ ಇಳಿದ ಮ್ಯಾಲೆ ಒಳಗ ಹತ್ತಿ ನೋಡಿದೆ.”

ರಾಜಮತಿ ಗೋಡೆಗೆ ಒರಗಿದಳು. ಹನ್ನೊಂದರ ಮೋಟಾರು ನೋಡಿ ಬಾಯಿ ಮುಚ್ಚುತ್ತೇನೆಂದು ಎಲ್ಲರೆದುರು ಹೇಳಿದ್ದಳು. ಆದರೆ ನಾಲ್ಕರ ಮೋಟಾರು ಇನ್ನೂ ಇತ್ತಲ್ಲ, ಅದರಲ್ಲಿ ಅವನಿದ್ದರೆ? ಆರು ವರ್ಷ ಕಾದವಳಿಗೆ ಐದು ತಾಸು ಹೆಚ್ಚೇ? ಮಗನ ಕಣ್ಣಿಗೆ ಅಪ್ಪನ ಮುಖ ಒಂದು ಸಲ ಬೀಳಬೇಕು. ಅದೊಂದು ಆಗದಿದ್ದರೆ ತಾನು ಇನ್ನು ಬದುಕಿದಷ್ಟು ದಿನವೂ ಅವನಿಗೆ ಮುಖ ತೋರಿಸಲಾರೆ ಅನ್ನಿಸಿತು. ಮಾತು ತಪ್ಪಿದರೆ ತಪ್ಪಲಿ. ಅವಳು ಸೆರಗು ಸರಿಪಡಿಸಿಕೊಂಡು ಹಿರಿಯರ ಎದುರು ಬಂದು ಕೈಮುಗಿದಳು. ನಾಲ್ಕರ ತನಕ ತಡೆಯಿರಿ ಎಂದಳು.

ಬಂಡು ತಲೆ ಬಗ್ಗಿಸಿದ. ಕೊನೆಗೆ ಆಗಲೇ ತಲೆಯಾಡಿಸಿದ್ದ ಹಿರಿಯರೇ, ಅವನ ಮನಸ್ಸು ನಿಮಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ, ನೀವು ಹೇಳಿದಂತೆ ಆಗಲಿ ಎಂದು ಎಲ್ಲವನ್ನೂ ಅವಳ ತಲೆಗೇ ಕಟ್ಟಿ ಎದ್ದು ನೆರಳಿಗೆ ಹೋದರು.

*

ಆ ವಿಮಾನ ಹಾರಲಿಲ್ಲ.

ಜೋಳ ಕಿತ್ತ ಮೇಲೆ ಜಕ್ಕಪ್ಪನ ಹೊಲ ಕುರಿ ಮೇಯಲು ಖಾಲಿ ಬೀಳುತ್ತದೆ. ಅಲ್ಲಿ ಧರಣೇಂದ್ರಪ್ಪ ಎದೆಯ ಮಟ್ಟಕ್ಕೆ ವಿಮಾನ ಹಿಡಿದು, ಪಂಖಾವನ್ನು ನೂರಾ ಇಪ್ಪತ್ತು ಸುತ್ತು ತಿರುವಿ, ರಬ್ಬರು ಗಂಟುಗಂಟಾದ ಮೇಲೆ ಗಾಳಿಗೆ ಬಿಟ್ಟ. ಅದು ಸುರ್ರೆಂದು ಮೂಗು ಮೇಲೆತ್ತಿತು. ಆಳೆತ್ತರ ಏರಿತು. ಅಲ್ಲಿ ಒಂದು ಗಳಿಗೆ ನಿಂತಂತೆ ಮಾಡಿ, ಹಿಮ್ಮುಖವಾಗಿ ಬಾಲದ ಮೇಲೆ ಬಿತ್ತು. ಎರಡನೆಯ ಸಲವೂ ಹಾಗೇ. ಹತ್ತನೆಯ ಸಲವೂ ಹಾಗೇ. ಕುರಿಗಳು ಮೊದಲೆರಡು ಸಲ ತಲೆಯೆತ್ತಿ ನೋಡಿ ಆಮೇಲೆ ನೋಡುವುದನ್ನೇ ಬಿಟ್ಟವು.

ಏರಲಾರದೆ ಬೀಳುತ್ತದೆ ಎಂದರೆ ಭಾರ ಹೆಚ್ಚಾಗಿದೆ ಎಂದು ಧರಣೇಂದ್ರಪ್ಪ ತಿಳಿದ. ಅದರಲ್ಲಿ ತಪ್ಪೇನು? ಹುಟ್ಟಿದಾಗಿನಿಂದ ಕೇಳಿದ್ದು ಅದೇ. ಬಿಟ್ಟಷ್ಟೂ ಹಗುರ, ಹಗುರಾದಷ್ಟೂ ಮೇಲೆ. ಮನೆಗೆ ತಂದು ಕೆಳಗಿನ ಎರಡು ಗಾಲಿ ಕಿತ್ತ. ಹಾರಲಿಲ್ಲ. ಮುಂಭಾಗದಲ್ಲಿ ಇಂಜಿನ್ನಿನಂತೆ ಕಾಣಲೆಂದು ಕೂರಿಸಿದ್ದ ಮರದ ತುಂಡನ್ನು ಒಳಗಿನಿಂದ ಕೊರೆದು ಬುರುಡೆ ಮಾಡಿದ. ಹಾರಲಿಲ್ಲ. ಪಂಖಾವನ್ನು ಹೆರೆದು ಹೆರೆದು ಎಲೆಯಷ್ಟು ತೆಳ್ಳಗೆ ಮಾಡಿದ. ರಬ್ಬರು ಸತ್ತಾಗ ಸೈಕಲ್ ಟ್ಯೂಬನ್ನು ಸಣ್ಣಗೆ ಕತ್ತರಿಸಿ ಹಾಕಿದ. ಮಳೆಗಾಲದಲ್ಲಿ ಗಂಜಿ ಹಸಿಯಾಗಿ ಸಂದುಗಳು ಬಿಟ್ಟುಕೊಂಡವು. ಬಿಸಿಲು ಬಂದ ಮೇಲೆ ಮತ್ತೆ ಅಂಟಿಸಿದ.

ಗಾಲಿ ಕಿತ್ತ ವರ್ಷ ತುಪ್ಪ ಬಿಟ್ಟ. ಇಂಜಿನ್ನು ಕೊರೆದ ವರ್ಷ ಉಪ್ಪು ಬಿಟ್ಟ. ರಾಜಮತಿ ಅವನ ಸಪ್ಪೆ ಅಡಿಗೆಗೊಂದು, ತನಗೊಂದು ಎಂದು ಎರಡು ಗಡಿಗೆ ಇಟ್ಟು ಕೆಲವು ದಿನ ನೋಡಿ, ಆಮೇಲೆ ತಾನೂ ಸಪ್ಪೆಯನ್ನೇ ಉಂಡಳು. ಒಂದು ದಿನ ತಡೆಯಲಾರದೆ ಬಾಯಿಬಿಟ್ಟಳು.

“ಹಾರಲಿಲ್ಲಂದ್ರ ಏನಾತು? ಹುಡುಗ ಬಾಂಬ ಹಾಕೂದಿಲ್ಲಂತ ನಿಮಗೂ ಗೊತ್ತೈತಿ. ಎರಡ ಸಾಲ ಬರದ ಒಗೀರಿ.”

“ದೇವರ ಮುಂದ ಆಡಿದ್ದು ರಾಜಮತಿ,” ಎಂದ ಅವನು. “ಇನ್ನೊಂದೀಟ ಹಗರ ಆಗಬೇಕು, ಅಷ್ಟ.”

ಅವಳಿಗೆ ಆ ಕಟ್ಟಿಗೆಯ ಹಕ್ಕಿಯ ಮೇಲೆ ಸವತಿಯ ಮೇಲಿನಷ್ಟು ಸಿಟ್ಟಿತ್ತು. ಒಲೆಗೆ ಹಾಕಿದರೆ ಒಂದು ಉಸಿರಿಗೆ ಮುಗಿಯುತ್ತಿತ್ತು. ಆದರೆ ಅದು ಹೋದರೆ ಕಾಗದವೂ ಹೋಯಿತು. ಹಾಗಾಗಿ ಅವನು ಮಲಗಿದಾಗ ಅದರ ಮೇಲಿನ ಧೂಳನ್ನು ಸೆರಗಿನಿಂದ ಒರೆಸುತ್ತಿದ್ದವಳೂ ಅವಳೇ. ಯುದ್ಧ ಮುಗಿಯಿತು, ಸ್ವಾತಂತ್ರ್ಯ ಬಂತು. ಮಗನ ಕಾಗದ ದೀಪಾವಳಿಗೊಂದರಂತೆ ಬರುತ್ತಿತ್ತು. ಟಪಾಲಿನವನ ಕೈಯಲ್ಲಿ ಅವಳೇ ಎರಡು ಸಾಲು ಉತ್ತರ ಬರೆಸುತ್ತಿದ್ದಳು. ನೇಮದ ಸುದ್ದಿಯನ್ನು ಬರೆಸಬಾರದೆಂದು ಧರಣೇಂದ್ರಪ್ಪ ಆಣೆ ಹಾಕಿಸಿಕೊಂಡಿದ್ದ. ಈ ಚಳಿಗೆ ಕೆಮ್ಮು ಹಿಡಿದಾಗ ಅವನ ಮೈಯಲ್ಲಿ ಕೆಮ್ಮಲಿಕ್ಕೂ ಕಸುವಿರಲಿಲ್ಲ.

*

ಹನ್ನೆರಡು ಹೊಡೆದಿರಬೇಕು. ರಾಜಮತಿ ಗಂಡನ ಕಾಲ ಹತ್ತಿರ ಕೂತು ಬಾಗಿಲನ್ನೇ ನೋಡುತ್ತಿದ್ದಳು. ಬಾಳವ್ವನ ಕೈ ಏನನ್ನೋ ಒರೆಸುತ್ತಿರುವುದು ಕಣ್ಣಂಚಿಗೆ ಕಂಡಿತು. ಮುದುಕಿ ಮಂತ್ರ ಹೇಳುತ್ತಲೇ ತಲೆಯ ಕಡೆಯಿಂದ ಕಾಲ ಕಡೆಗೆ ಸರಿದು ಅರಿವೆಯ ಮುದ್ದೆಯಿಂದ ಧರಣೇಂದ್ರಪ್ಪನ ಹಿಮ್ಮಡಿಯ ಸುತ್ತ ನೆಲವನ್ನು ತಿಕ್ಕುತ್ತಿದ್ದಳು.

“ಏನತ್ತಿ ಅದು?”

“ಧೂಳ ಬಿದ್ದೈತಿ ಅನಸ್ತೈತಿ. ಕಣ್ಣ ಕಾಣೂದಿಲ್ಲವ್ವಾ. ಕರ್ರಗ ಗೆರಿ ಕಂಡಂಗಾತು.”

ಧೂಳಲ್ಲ. ಗೋಡೆಯ ಬುಡದಿಂದ ಸಣ್ಣ ಇರುವೆಗಳ ಸಾಲು ಹೊರಟು ಚಾಪೆಯನ್ನು ಹತ್ತಿ ಅವನ ಹಿಮ್ಮಡಿಯ ಬಿರುಕಿನವರೆಗೆ ಬಂದಿತ್ತು. ಅರಿವೆ ಆಡಿದಲ್ಲೆಲ್ಲ ನೆಲಕ್ಕೆ ಕಪ್ಪು ಚುಕ್ಕೆಗಳು ಅಂಟಿದ್ದವು. ಸಾಲು ಮಾತ್ರ ನಿಂತಿರಲಿಲ್ಲ, ಬರುತ್ತಲೇ ಇತ್ತು. ಅವನಿದ್ದಿದ್ದರೆ ಕೈಯಲ್ಲೊಂದು ನವಿಲುಗರಿ ಹಿಡಿದು, ಮಂಡಿಯೂರಿ, ಒಂದೊಂದನ್ನೇ ಬಾಗಿಲಾಚೆ ದಾಟಿಸುತ್ತಿದ್ದ. ಆ ಕೆಲಸಕ್ಕೆ ಊಟ ಆರಿದರೂ ಅವನಿಗೆ ಪರಿವೆ ಇರಲಿಲ್ಲ.

ರಾಜಮತಿ ಮುದುಕಿಯ ಕೈ ಹಿಡಿದು ನಿಲ್ಲಿಸಿದಳು. ಅವಳಿಗೆ ಅಳು ಬಂದದ್ದು ಆಗ. ಬೆಳಗಿನಿಂದ ಬಾರದೆ ಇದ್ದದ್ದು ಒಮ್ಮೆಲೇ ಬಂತು, ಗಂಡ ಹೋದನೆಂದಲ್ಲ, ಮಗ ಬರಲಿಲ್ಲವೆಂದೂ ಅಲ್ಲ. ಸತ್ತ ಮೇಲೂ ಈ ಮನುಷ್ಯ ತನ್ನ ಹಟವನ್ನೇ ಗೆಲ್ಲಿಸಿಕೊಂಡನಲ್ಲ, ತಾನೇ ಎದ್ದು ಅದನ್ನು ಗೆಲ್ಲಿಸಬೇಕಲ್ಲ ಎಂದು. ಸೆರಗಿನಿಂದ ಮುಖ ಒರೆಸಿಕೊಂಡು ಬಾಗಿಲಿಗೆ ಬಂದಳು.

“ಬಂಡು,” ಎಂದಳು. “ನಾಲ್ಕನೇ ಗಂಟ ಹಾಕು.”

ಗಂಡಸರು ಹೆಣವನ್ನು ಹಿತ್ತಲಿಗೆ ಒಯ್ದು, ಪೇರಲ ಗಿಡದ ಕೆಳಗೆ ಮಣೆಯ ಮೇಲೆ ಕೂರಿಸಿ ನೀರೆರೆದರು. ಎತ್ತುವಾಗ ನಾಲ್ಕು ಜನ ಕೈ ಹಾಕಿದ್ದರು, ಇಬ್ಬರು ಸಾಕಾಗಿತ್ತು. ಅಣ್ಣ ಇಷ್ಟ ಹಗರ ಯಾವಾಗ ಆದ ಎಂದು ಬಂಡು ಯಾರನ್ನೋ ಕೇಳಿದ. ಹೊಸ ಧೋತರ ಉಡಿಸಿ, ಗಂಧ ಹಚ್ಚಿ ಹೊರಟಾಗ ಹೆಂಗಸರು ಓಣಿಯ ತಿರುವಿನ ತನಕ ಹೋಗಿ ನಿಂತರು. ಆಮೇಲೆ ಬಂದು ಅದೇ ಹಿತ್ತಲಲ್ಲಿ ತಲೆ ತುಂಬ ನೀರು ಸುರಿದುಕೊಂಡರು.

*

ನಾಲ್ಕರ ಮೋಟಾರಿಗೆ ನೇಮಿನಾಥ ಬಂದ.

ಜಕ್ಕಪ್ಪ ಸ್ಮಶಾನದಿಂದ ಮನೆಗೆ ಬಾರದೆ ಮೋಟಾರು ನಿಲ್ಲುವಲ್ಲಿಗೆ ಹೋಗಿ ಕಾದಿದ್ದ. ಅವನನ್ನು ಮೊದಲು ಸ್ಮಶಾನಕ್ಕೆ ಒಯ್ದು, ಇನ್ನೂ ಕೆಂಡವಾಗಿದ್ದುದನ್ನು ತೋರಿಸಿ, ಕೆರೆಯಲ್ಲಿ ಮುಳುಗಿಸಿ, ಹಿತ್ತಲ ಬಾಗಿಲಿಂದ ಮನೆಗೆ ಕರೆತಂದ. ಖಾಕಿ ಅಂಗಿ ಮೈಗಂಟಿ ನೀರಿಳಿಯುತ್ತಿತ್ತು. ಆರು ವರ್ಷದಲ್ಲಿ ಅವನ ಹೆಗಲು ಅಗಲವಾಗಿತ್ತು, ಮೀಸೆ ಬಂದಿತ್ತು. ರಾಜಮತಿ ಪೇರಲ ಗಿಡದ ಹತ್ತಿರ ಬಂದು ಅವನ ಎರಡೂ ಕೈಯನ್ನು ಹಿಡಿದುಕೊಂಡಳು.

“ನಾಕ ತಾಸ ತಡೀಬಾರದಿತ್ತೇನವ್ವಾ?” ಎಂದ ಅವನು ಕೊನೆಗೆ. ಕೇಳುವುದು ಬೇಡವೆಂದುಕೊಂಡೇ ಕೇಳಿದಂತಿತ್ತು.

“ಇರುವಿ ಬಂದಿದ್ವು ಕೂಸಾ.”

ಅವನು ಆ ಅಪ್ಪನ ಮಗ. ಇನ್ನೊಂದು ಮಾತು ಬೇಕಾಗಲಿಲ್ಲ. ತಲೆಯಾಡಿಸಿ ಅತ್ತ ತಿರುಗಿದ. ತಿರುಗಿದವನ ಕಣ್ಣಿಗೆ ಹಿಂದಿನ ಪಡಸಾಲೆಯ ತೊಲೆಗೆ ತೂಗುಹಾಕಿದ್ದ ವಿಮಾನ ಬಿತ್ತು. ಮೆಟ್ಟಿಲು ಹತ್ತಿ ಅದನ್ನು ಎರಡೂ ಕೈಯಿಂದ ಇಳಿಸಿಕೊಂಡು ಪೇರಲ ಗಿಡದ ಹತ್ತಿರ ಬೆಳಕಿಗೆ ತಂದ.

“ಇದನ್ನ ಅಪ್ಪಾರು ಕಟ್ಟಿದ್ರು?”

“ಅವರ.”

“ನಾ ಅಟ್ಟಕ್ಕ ಒಗದಿರ್ತಾರ ಅಂತ ತಿಳದಿದ್ದೆ.” ಅವನು ರೆಕ್ಕೆಯ ಸಂದುಗಳ ಮೇಲೆ ಹೆಬ್ಬೆರಳಾಡಿಸಿದ. ದಾರದ ಬಿಗಿತವನ್ನು ಉಗುರಿನಿಂದ ಮೀಟಿ ನೋಡಿದ. ನಮ್ಮ ಕಾರಖಾನೆಯಲ್ಲೂ ಇಷ್ಟು ಚೊಕ್ಕ ಕೈಯವರು ಇಲ್ಲ ಎಂದ. ಆ ಹೊತ್ತಿಗೆ ಅವನ ದನಿಯಲ್ಲಿ ದುಃಖಕ್ಕಿಂತ ಕೆಲಸಗಾರನ ಬೆರಗೇ ಹೆಚ್ಚಾಗಿತ್ತು. ಮೇಲಿನ ರೆಕ್ಕೆಯ ಕೆಳಗೆ ಎರಡು ಬೆರಳು ಕೊಟ್ಟು ಎತ್ತಿ ಹಿಡಿದ. ಬಾಲ ಧಡಕ್ಕನೆ ಕೆಳಗೆ ವಾಲಿತು. ಗಾಲಿ ಇರಬೇಕಾದ ಜಾಗವನ್ನು, ಬುರುಡೆಯಾದ ಮೂಗನ್ನು ಮುಟ್ಟಿ ನೋಡಿ ಅವನು ಹುಬ್ಬು ಗಂಟಿಕ್ಕಿದ. ಆಮೇಲೆ ಬಗ್ಗಿ, ಕಾಲ ಬುಡದ ಹಸಿ ನೆಲದಿಂದ ಒಂದು ಚಿಟಿಕೆ ಮಣ್ಣು ಎತ್ತಿಕೊಂಡ.

ಅಲ್ಲಿ ಮಧ್ಯಾಹ್ನ ಅವನ ಅಪ್ಪನಿಗೆ ನೀರೆರೆದಿದ್ದರು.

ನೇಮಿನಾಥ ಮಣ್ಣನ್ನು ಉಂಡೆ ಮಾಡಿ ವಿಮಾನದ ಮೂಗಿಗೆ ಅಂಟಿಸಿ ಒತ್ತಿದ. ಮತ್ತೆ ಎರಡು ಬೆರಳ ಮೇಲೆ ಎತ್ತಿ ಹಿಡಿದ. ಬಾಲ ನಿಧಾನಕ್ಕೆ ಮೇಲೆದ್ದು, ವಿಮಾನ ನೆಟ್ಟಗೆ ನಿಂತಿತು.

“ಮೂಗ ಭಾಳ ಹಗರ ಆಗೇತಿ. ಇದಿಲ್ಲಂದ್ರ ಎಷ್ಟ ಸಲ ಒಗದ್ರೂ ಹಿಂದಕ್ಕ ಬೀಳತೈತಿ. ಈಗ ಹಾರತೈತಿ ನೋಡವ್ವಾ.”

“ಇಷ್ಟು ಮಣ್ಣಿಗೆ?”

“ಇಷ್ಟ ಸಾಕು. ನಮಗ ಮೊದಲನೇ ದಿನಾ ಕಲಸ್ತಾರ ಇದನ್ನ.”

ಕಡಲೆಕಾಳಿಗಿಂತ ತುಸು ದೊಡ್ಡದಿತ್ತು ಅದು. ರಾಜಮತಿ ಅದನ್ನೇ ನೋಡಿದಳು. ಬೆಲ್ಲ, ತುಪ್ಪ, ಉಪ್ಪು. ಗಾಲಿ, ಇಂಜಿನ್ನು, ಕೊನೆಗೆ ಮೈಯ ಮಾಂಸ. ಒಂದೊಂದಾಗಿ ತೆಗೆದದ್ದೇ ತೆಗೆದದ್ದು, ಇಷ್ಟನ್ನು ಸೇರಿಸಬಹುದೆಂದು ಆ ಮನುಷ್ಯನಿಗೆ ಒಂದು ದಿನವೂ ಹೊಳೆಯಲಿಲ್ಲ. ಬಾಗಿಲ ಹತ್ತಿರ ಜಕ್ಕಪ್ಪ ಹೆಗಲ ಕಂಬಳಿಯನ್ನು ಗಟ್ಟಿಯಾಗಿ ಹಿಡಿದು ನಿಂತಿದ್ದ. ಅವನೂ ಆ ಮಣ್ಣನ್ನೇ ನೋಡುತ್ತಿದ್ದ.

“ಅಪ್ಪಾರು ಇದನ್ನ ಹಾರಿಸಿದ್ರೇನವ್ವಾ?” ಎಂದು ನೇಮಿನಾಥ ಕೇಳಿದ.

ಇಲ್ಲವೆಂದರೆ ಯಾಕೆ ಎನ್ನುತ್ತಾನೆ. ಯಾಕೆಂದು ಹೇಳಿದರೆ ನೇಮದ ಮಾತು ಬರುತ್ತದೆ. ನೇಮದ ಮಾತು ಬಂದರೆ ಅವನು ತಾನು ಅಂಟಿಸಿದ ಮಣ್ಣನ್ನು ಸಾಯುವ ತನಕ ಎದೆಯ ಮೇಲೆ ಹೊತ್ತು ತಿರುಗುತ್ತಾನೆ. ಧರಣೇಂದ್ರಪ್ಪನ ಮನೆಗೆ ಬಂದ ಮೂವತ್ತು ವರ್ಷದಲ್ಲಿ ರಾಜಮತಿ ಒಂದೂ ಸುಳ್ಳಾಡಿದವಳಲ್ಲ.

“ಹಾರಿಸಿದ್ರು,” ಎಂದಳು. “ಜಕ್ಕಪ್ಪನ ಹೊಲದಾಗ.”

ನೇಮಿನಾಥ ಜಕ್ಕಪ್ಪನ ಕಡೆ ತಿರುಗಿದ. ಜಕ್ಕಪ್ಪ ಒಮ್ಮೆ ರಾಜಮತಿಯನ್ನು ನೋಡಿದ, ಒಮ್ಮೆ ನೆಲ ನೋಡಿದ.

“ಹೌದಪಾ,” ಎಂದ ಅವನು. “ಕುರಿ ಹಿಂಡ ದಾಟಿ ಆಚಿ ದಿಬ್ಬದ ತನಕ ಹೋತು. ನಾನ ಓಡಿ ಹೋಗಿ ತಂದೆ. ನಿಮ್ಮಪ್ಪ ಅವತ್ತು ಭಾಳ ನಕ್ಕಿದ್ದ.”

ಈ ಮಣ್ಣಿಲ್ಲದೆ ಅದು ಹಾರುವುದಿಲ್ಲವೆಂದು ಈಗಷ್ಟೇ ಹೇಳಿದವನು ನೇಮಿನಾಥನೇ. ಅವನು ತಾಯಿಯ ಮುಖವನ್ನೂ ಜಕ್ಕಪ್ಪನ ಮುಖವನ್ನೂ ನಿಧಾನಕ್ಕೆ ನೋಡಿದ. ವಿಮಾನದ ಮೂಗಿನ ಮಣ್ಣನ್ನು ಇನ್ನೊಂದು ಕೈಯಿಂದ ಮತ್ತೊಮ್ಮೆ ಒತ್ತಿದ. ಮೂಗಿನಿಂದ ಕೆಸರುನೀರಿನ ಒಂದು ಎಳೆ ಇಳಿದು ಅವನ ಬೆರಳಿಗೆ, ಬೆರಳಿಂದ ಮಣಿಕಟ್ಟಿಗೆ, ಅಲ್ಲಿಂದ ಖಾಕಿ ತೋಳಿನೊಳಕ್ಕೆ ಹೋಯಿತು. ವಿಮಾನ ವಾಲೀತೆಂದು ಅವನು ಕೈ ಅಲುಗಿಸದೆ ಹಾಗೇ ಹಿಡಿದು ನಿಂತಿದ್ದ.